ಸುರಯ್ಯಾ ಪುಂಜದ ಮಂದ ತಾರೆಗಳು

ನಾವು ಹೆಣ್ಣುಮಕ್ಕಳಿಗಿಡುವ ಸುರಯ್ಯಾ ಎಂಬುದು ಕೃತ್ತಿಕಾ ನಕ್ಷತ್ರಪುಂಜದ ಅರಬಿ ಹೆಸರು. 1995ರಲ್ಲಿ ಅದೇ ಪುಂಜದಲ್ಲಿ ವಿಜ್ಞಾನಿಗಳು ತೇಯ್ದೆ 1 ಎಂಬ ಕಂದು ಕುಬ್ಜವನ್ನು ಗುರುತಿಸಿದರು. ನಕ್ಷತ್ರದಂತೆಯೇ ಅನಿಲಮೋಡ ಕುಸಿದು ಹುಟ್ಟಿದರೂ, ಜಲಜನಕವನ್ನು ಸ್ಥಿರವಾಗಿ ಉರಿಸುವಷ್ಟು ದ್ರವ್ಯರಾಶಿಯಿಲ್ಲದ ಕಾಯವಿದು. ಸೂರ್ಯನ ದ್ರವ್ಯರಾಶಿಯ ಸುಮಾರು ಶೇ. 8 ಅದರ ಮಿತಿ. ಇಂಥವು ಇರಬೇಕೆಂದು 1960ರ ದಶಕದಲ್ಲೇ ಲೆಕ್ಕ ಹಾಕಿದವರು ಭಾರತೀಯ ಮೂಲದ ಶಿವ್ ಎಸ್. ಕುಮಾರ್. ಕಾಲ ಕಳೆದಂತೆ ಇವು ತಣಿದು ಮಸುಕಾಗುತ್ತವೆ. ಆದುದರಿಂದಲೇ ಎಳೆಯ ಪುಂಜಗಳಲ್ಲಿ ಅವಕೆಂಪು ಬೆಳಕಿನ ಮೂಲಕ ಇವುಗಳ ಗಣತಿ ನಡೆಯುತ್ತದೆ.

ಕೆಂಚಾರ್ಲಹಳ್ಳಿಯಿಂದ ಚಿಂತಾಮಣಿ ಮಾರ್ಗವಾಗಿ ಬೆಂಗಳೂರಿಗೆ ಹೋಗುವವರು ಹೊಸಕೋಟೆಯನ್ನು ದಾಟುತ್ತಾರೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದಿಂದ ನಡೆಸುವುದು ಅಲ್ಲಿಂದಲೇ. ವಿಜ್ಞಾನವು ನಮ್ಮ ಮನೆಬಾಗಿಲಿನಿಂದ ಅಷ್ಟೇನೂ ದೂರದಲ್ಲಿಲ್ಲ.

ಇತರರು ಏನನ್ನಾದರೂ ಕಂಡುಹಿಡಿದ ಬಳಿಕ, ಅದು ನಮ್ಮ ಗ್ರಂಥದಲ್ಲಿ ಮೊದಲೇ ಇತ್ತೆಂದು ಹೇಳುವುದು ಸುಲಭ. ಆದರೆ ಆಕಾಶಗಳ ಸೃಷ್ಟಿಯ ಕುರಿತು ಚಿಂತಿಸಲು ಪವಿತ್ರ ಕುರ್‌ಆನ್ ನೀಡುವ ಕರೆ ಹೆಮ್ಮೆಪಡಲಿಕ್ಕಲ್ಲ, ನೋಡಿ ಅರಿಯಲಿಕ್ಕೆ. 10ನೇ ಶತಮಾನದ ಅಬ್ದುರ್ರಹ್ಮಾನ್ ಅಸ್ಸೂಫಿ ಟಾಲೆಮಿಯ ನಕ್ಷತ್ರಪಟ್ಟಿಯನ್ನು ಸ್ವತಃ ಆಕಾಶ ನೋಡಿ ತಿದ್ದಿದವರು. ಸುರಯ್ಯಾ ಎಂದು ಹೆಸರಿಟ್ಟ ಮಗಳ ಓದನ್ನು ಹತ್ತನೇ ತರಗತಿಗೇ ನಿಲ್ಲಿಸಬಾರದು. ಆಕೆ ಬಯಸಿದರೆ ಭೌತಶಾಸ್ತ್ರವನ್ನೂ ಓದಿಸಬೇಕು.