970 ದೊಡ್ಡದಾ, 1050 ದೊಡ್ಡದಾ?

ಹೋದ ತಿಂಗಳು ತಿಪಟೂರಿನಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಈಗಷ್ಟೇ ಇಂಜಿನಿಯರಿಂಗ್ ಸೇರಿರೋ ಹುಡುಗ. ರಜೆಯಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿ ಒಂದಿಷ್ಟು ದುಡ್ಡು ಕೂಡಿಟ್ಟಿದ್ದಾನೆ.

"ಅಣ್ಣ, ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಬೇಕು. ಹೊಸದು ನನ್ನ ಬಜೆಟ್ಟಿಗೆ ಬರಲ್ಲ. ಸೆಕೆಂಡ್ ಹ್ಯಾಂಡಲ್ಲಿ ಎರಡು ಸಿಗ್ತಿವೆ, ಜಿಟಿಎಕ್ಸ್ 970 ಮತ್ತೆ ಜಿಟಿಎಕ್ಸ್ 1050 ಟಿಐ. ಹೆಚ್ಚುಕಮ್ಮಿ ಒಂದೇ ರೇಟು. 1050 ದೊಡ್ಡ ನಂಬರಲ್ವಾ, ಅದನ್ನೇ ತಗೊಳ್ಳಾ?"

"ನಂಬರ್ ನೋಡಿ ಮೋಸ ಹೋಗ್ಬೇಡ, 970 ತಗೋ" ಅಂತ ಹೇಳಿ ಫೋನ್ ಇಟ್ಟೆ. ಮನೆಗೊಬ್ಬ ಕಂಪ್ಯೂಟರ್ ಓದಿದವನಿದ್ದರೆ ಹಾಗೇ ನೋಡಿ, ಯಾರು ಏನು ಕೇಳಿದರೂ ಥಟ್ಟಂತ ಉತ್ತರ. ರಾತ್ರಿ ಮಲಗುವಾಗ ನೆನಪಾಯಿತು, ಅವನ ಕಂಪ್ಯೂಟರ್ ಎಂಥದ್ದು ಅಂತ ನಾನು ಕೇಳಲೇ ಇಲ್ಲ.

ನನ್ನ ಉತ್ತರ ಪೂರ್ತಿ ತಪ್ಪೇನಲ್ಲ. ಎನ್‌ವಿಡಿಯಾ ಕಾರ್ಡುಗಳ ಹೆಸರನ್ನು ಎರಡು ತುಂಡು ಮಾಡಿ ಓದಬೇಕು. 970ರಲ್ಲಿ 9 ಅನ್ನೋದು ತಲೆಮಾರು, 70 ಅನ್ನೋದು ಆ ತಲೆಮಾರಿನೊಳಗಿನ ಸ್ಥಾನ. 1050ರಲ್ಲಿ 10 ತಲೆಮಾರು, 50 ಸ್ಥಾನ. ಅಂದರೆ 970 ಹಿಂದಿನ ತಲೆಮಾರಿನ ದೊಡ್ಡ ಕಾರ್ಡು, 1050 ಟಿಐ ಮುಂದಿನ ತಲೆಮಾರಿನ ಸಣ್ಣ ಕಾರ್ಡು. ಮೊದಲನೆಯದು 2014ರ ಸೆಪ್ಟೆಂಬರಿನಲ್ಲಿ 329 ಡಾಲರಿಗೆ ಬಂತು, ಎರಡನೆಯದು 2016ರ ಅಕ್ಟೋಬರಿನಲ್ಲಿ 139 ಡಾಲರಿಗೆ.

ಒಳಗಿನ ಲೆಕ್ಕ ನೋಡೋಣ. ಚಿತ್ರ ಬಿಡಿಸುವ ಕೆಲಸಗಾರರು ಅಂದುಕೊಳ್ಳಬಹುದಾದ ಕೋರ್‌ಗಳು 970ರಲ್ಲಿ 1664, 1050 ಟಿಐಯಲ್ಲಿ 768. ಹೊಸದರ ಕೆಲಸಗಾರರ ಕೈ ಸ್ವಲ್ಪ ಚುರುಕು, ಬೂಸ್ಟ್ ವೇಗ 1392 ಮೆಗಾಹರ್ಟ್ಸ್. ಹಳೆಯದರದು 1178. ಆದರೆ ಅರ್ಧಕ್ಕಿಂತ ಕಡಿಮೆ ಜನ ಎಷ್ಟೇ ಚುರುಕಾಗಿ ಕೆಲಸ ಮಾಡಿದರೂ ಎಷ್ಟಂತ ಆದೀತು? ಮೆಮೊರಿ ಎರಡರಲ್ಲೂ 4 ಜಿಬಿ, ಮೆಮೊರಿಯ ವೇಗವೂ ಒಂದೇ. ಆದರೆ ದಾರಿಯ ಅಗಲ ಬೇರೆ: 970ರದು 256 ಬಿಟ್, 1050 ಟಿಐದು 128 ಬಿಟ್. ಹಾಗಾಗಿ ಸೆಕೆಂಡಿಗೆ ಸಾಗುವ ಡೇಟಾ ಅಲ್ಲಿ 224 ಜಿಬಿ, ಇಲ್ಲಿ 112 ಜಿಬಿ. ಸರಿಯಾಗಿ ಅರ್ಧ. ಗೇಮ್‌ಗಳಲ್ಲಿ 970 ಹೆಚ್ಚುಕಮ್ಮಿ ಒಂದೂವರೆ ಪಟ್ಟು ಮುಂದಿರುತ್ತದೆ.

970ರ 4 ಜಿಬಿಗೂ ಒಂದು ಕಥೆ ಇದೆ. ಅದರಲ್ಲಿ 3.5 ಜಿಬಿ ಮಾತ್ರ ಪೂರ್ತಿ ವೇಗದ್ದು, ಉಳಿದ ಅರ್ಧ ಜಿಬಿ ಬಲು ನಿಧಾನ. 2015ರ ಶುರುವಿನಲ್ಲಿ ಇದು ಗೊತ್ತಾಗಿ ದೊಡ್ಡ ಗಲಾಟೆಯಾಯಿತು. ಅಮೆರಿಕದಲ್ಲಿ ಕೇಸ್ ಆಗಿ, ಕೊಂಡವರಿಗೆ ಕಾರ್ಡಿಗೆ 30 ಡಾಲರ್ ಕೊಡಲು ಕಂಪನಿ 2016ರಲ್ಲಿ ಒಪ್ಪಿತು. ಇಷ್ಟಾದರೂ ಓಟದಲ್ಲಿ 970ನೇ ಮುಂದೆ.

ಹಾಗಾದರೆ ನನಗೆ ನಿದ್ದೆ ಯಾಕೆ ಬರಲಿಲ್ಲ? ನಾನು ಹಾಸ್ಟೆಲಿನಲ್ಲಿದ್ದಾಗ ಇದೇ ಥರ ಪಟ್ಟಿ ನೋಡಿ, ಓಟದಲ್ಲಿ ಯಾವುದು ಮುಂದಿದೆಯೋ ಅದನ್ನೇ ತಂದಿದ್ದೆ. ಹಾಕಿದ್ದು ಅಗ್ಗದ ಎಸ್‌ಎಂಪಿಎಸ್ ಇದ್ದ ಕಂಪ್ಯೂಟರಿಗೆ. ಎರಡು ದಿನ ಗೇಮ್ ಆಡಿದೆ. ಮೂರನೇ ದಿನ ಪಟ್ ಅಂತು, ರೂಮ್ ತುಂಬಾ ಸುಟ್ಟ ವಾಸನೆ. ಎಸ್‌ಎಂಪಿಎಸ್ ಒಂದೇ ಅಲ್ಲ, ಮದರ್‌ಬೋರ್ಡೂ ಹೋಗಿತ್ತು. ಅಪ್ಪ ಸಾಲ ಮಾಡಿ ಕೊಡಿಸಿದ್ದ ಕಂಪ್ಯೂಟರ್ ಅದು. ಕರೆಂಟ್ ಹೆಚ್ಚುಕಡಿಮೆ ಆಗಿ ಹೋಯ್ತು ಅಂತ ಮನೆಯಲ್ಲಿ ಹೇಳಿದ್ದೆ.

ಬೆಳಗ್ಗೆ ಎದ್ದವನೇ ಹುಡುಗನಿಗೆ ಫೋನ್ ಮಾಡಿದೆ. "ದುಡ್ಡು ಕೊಟ್ಯಾ?" "ಇಲ್ಲಣ್ಣ, ಶನಿವಾರ ಬೆಂಗಳೂರಿಗೆ ಬರ್ತೀನಿ." "ಮೊದ್ಲು ಕ್ಯಾಬಿನೆಟ್ ಬಿಚ್ಚಿ, ಎಸ್‌ಎಂಪಿಎಸ್ ಮೇಲಿನ ಸ್ಟಿಕರ್ ಫೋಟೋ ಕಳಿಸು."

ಫೋಟೋ ಬಂತು. ಯಾವುದೋ ಆಫೀಸಿನವರು ಬಳಸಿ ಮಾರಿದ ಬ್ರಾಂಡೆಡ್ ಡೆಸ್ಕ್‌ಟಾಪ್. 240 ವ್ಯಾಟ್. ಕಾರ್ಡಿಗೆ ಕೊಡುವ 6 ಪಿನ್ ವೈರ್ ಒಂದೂ ಇಲ್ಲ.

ಇಲ್ಲಿಗೆ ಲೆಕ್ಕ ತಿರುಗಿತು. ಕಾರ್ಡ್ ಕೂರುವ ಸ್ಲಾಟಿನಿಂದ ಸಿಗೋದು ಹೆಚ್ಚೆಂದರೆ 75 ವ್ಯಾಟ್. 1050 ಟಿಐಗೆ ಬೇಕಾದ್ದೂ 75 ವ್ಯಾಟ್. ಕಂಪನಿ ಹೇಳುವ ಪ್ರಕಾರ 300 ವ್ಯಾಟಿನ ಎಸ್‌ಎಂಪಿಎಸ್ ಇರಬೇಕು, ಆದರೆ ಇಂಥ ಆಫೀಸ್ ಡೆಸ್ಕ್‌ಟಾಪ್‌ಗಳ 240 ವ್ಯಾಟಿನಲ್ಲೂ ಅದನ್ನು ಬಹಳ ಜನ ಓಡಿಸುತ್ತಿದ್ದಾರೆ. 970ಕ್ಕೆ 145 ವ್ಯಾಟ್ ಬೇಕು, ಎರಡು 6 ಪಿನ್ ವೈರ್ ಬೇಕು, 500 ವ್ಯಾಟಿನ ಎಸ್‌ಎಂಪಿಎಸ್ ಬೇಕು. ಎಸ್‌ಎಂಪಿಎಸ್ ಬದಲಾಯಿಸೋಣ ಅಂದರೆ ಇಂಥ ಬ್ರಾಂಡೆಡ್ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಅಳತೆಯೂ ಬೇರೆ, ಪಿನ್ನೂ ಬೇರೆ. ಕರೆಂಟ್ ಬಿಲ್ ಕೂಡ ನೋಡಿ: ದಿನಕ್ಕೆ ನಾಲ್ಕು ಗಂಟೆ ಗೇಮ್ ಆಡಿದರೆ 70 ವ್ಯಾಟಿನ ವ್ಯತ್ಯಾಸ ತಿಂಗಳಿಗೆ ಎಂಟೂವರೆ ಯೂನಿಟ್ ಹತ್ತಿರ ಬರುತ್ತದೆ.

ಇನ್ನೂ ಒಂದು ಅನುಕೂಲ. ಈಗಿನ ಫೋನ್‌ಗಳು ರೆಕಾರ್ಡ್ ಮಾಡುವ ಎಚ್‌ಇವಿಸಿ ವಿಡಿಯೊ ಬಿಡಿಸುವ ವ್ಯವಸ್ಥೆ 1050 ಟಿಐಯಲ್ಲಿ ಪೂರ್ತಿ ಇದೆ, 970ರಲ್ಲಿ ಅರೆಬರೆ. ಎರಡಕ್ಕೂ ಸಮಾನವಾದ ಕೊರತೆಯೆಂದರೆ ವಯಸ್ಸು. 2025ರ ಅಕ್ಟೋಬರಿಗೆ ಎರಡಕ್ಕೂ ಹೊಸ ಗೇಮ್ ಡ್ರೈವರ್ ನಿಂತಿದೆ, 2028ರ ಅಕ್ಟೋಬರ್ ತನಕ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ.

ಶನಿವಾರ ಇಬ್ಬರೂ ಎಸ್.ಪಿ. ರೋಡಿಗೆ ಹೋದೆವು. ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಎರಡು ಮಾತು. ಕೆಲವು 1050 ಟಿಐಗಳಿಗೂ 6 ಪಿನ್ ಇರುತ್ತದೆ, ಇಲ್ಲದ್ದನ್ನೇ ಕೇಳಿ. ಇನ್ನೊಂದು, ಯಾವುದೋ ಓಬೀರಾಯನ ಕಾಲದ ಕಾರ್ಡಿಗೆ 1050 ಟಿಐ ಅಂತ ಸುಳ್ಳು ಹೆಸರು ತುಂಬಿ ಮಾರುವವರಿದ್ದಾರೆ. ಅಂಗಡಿಯಲ್ಲೇ ಕಂಪ್ಯೂಟರಿಗೆ ಹಾಕಿಸಿ, ಜಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್ ತೆರೆದು 768 ಕೋರ್, 128 ಬಿಟ್ ಇದೆಯಾ ನೋಡಿ. ಅರ್ಧ ಗಂಟೆ ಗೇಮ್ ಓಡಿಸಿಯೇ ದುಡ್ಡು ಕೊಡಿ. ನಾವೂ ಹಾಗೇ ಮಾಡಿದೆವು. ಹುಡುಗ ಮಾತ್ರ 970 ಇಟ್ಟಿದ್ದ ಕಡೆಗೇ ಎರಡು ಸಲ ತಿರುಗಿ ನೋಡಿದ.

ಈಗ ತಿಪಟೂರಿನಲ್ಲಿ ಜಿಟಿಎ 5 ಚೆನ್ನಾಗಿ ಓಡುತ್ತಿದೆಯಂತೆ. ಮೊನ್ನೆ ಚಿಕ್ಕಮ್ಮ ಫೋನ್ ಮಾಡಿ, "ಇನ್ನೊಂದು ಇದಕ್ಕಿಂತ ಚೆನ್ನಾಗಿತ್ತಂತಲ್ಲೋ, ಯಾಕೋ ಬೇಡ ಅಂದೆ?" ಅಂತ ಕೇಳಿದರು. ಸುಳ್ಳು ಹೇಳಲಾಗದೆ ಹಾಸ್ಟೆಲಿನ ಕಥೆ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ನಿಮ್ಮಪ್ಪಂಗೆ ಹೇಳಿದ್ಯೇನೋ?" ಅಂದರು.

ಹೇಳಿರಲಿಲ್ಲ. ಅಪ್ಪ ಈ ಅಂಕಣವನ್ನು ಒಂದು ವಾರವೂ ತಪ್ಪದೆ ಓದುತ್ತಾರೆ. ಅಪ್ಪಾ, ಅವತ್ತು ಕರೆಂಟಿನ ತಪ್ಪೇನೂ ಇರಲಿಲ್ಲ.