ಪುಕ್ಕಟೆ ಪ್ರಯಾಣ

ಆಗುಂಬೆಯ ಘಟ್ಟವಿಳಿಯುವಾಗ ನನ್ನ ಮಿತ್ರರು ಕಾರಿನ ಗೇರನ್ನು ನ್ಯೂಟ್ರಲಿಗೆ ತಂದು, “ಮೇಷ್ಟ್ರೇ, ಇನ್ನು ಸೋಮೇಶ್ವರದವರೆಗೆ ಪುಕ್ಕಟೆ ಪ್ರಯಾಣ!” ಎಂದರು. ಮಿತವ್ಯಯಕ್ಕೆ ನಾನು ವಿರೋಧಿಯಲ್ಲ. ಅಧ್ಯಾಪಕನ ಸಂಬಳವೇ ಅದನ್ನು ಕಲಿಸಿದೆ. ಆದರೆ ಈ ಲೆಕ್ಕ ತಪ್ಪು. ನ್ಯೂಟ್ರಲಿನಲ್ಲಿ ಎಂಜಿನ್ನು ನಿಂತುಹೋಗದಿರಲು ಪೆಟ್ರೋಲು ಬೇಕೇ ಬೇಕು. ಗೇರಿನಲ್ಲಿಯೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಉರುಳುವ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಆಗ ಪೆಟ್ರೋಲಿನ ಪೂರೈಕೆಯೇ ನಿಲ್ಲುತ್ತದೆ. ಹಳೆಯ ಕಾರ್ಬ್ಯುರೇಟರಿಗೆ ಸಾಮಾನ್ಯವಾಗಿ ಈ ಜಾಣ್ಮೆಯಿರಲಿಲ್ಲ. ಮಿತ್ರರ ನಂಬಿಕೆ ಆ ಕಾಲದ ಆಸ್ತಿ.

ಎಂಜಿನ್ನಿನ ತಡೆ ತಪ್ಪಿದ ಮೇಲೆ ಕಾರಿನ ಭಾರವನ್ನೆಲ್ಲ ಬ್ರೇಕೇ ಹೊರಬೇಕು. ನಾಲ್ಕು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಹಿಂದಿನ ಸೀಟಿನಲ್ಲಿ ನನ್ನಾಕೆ ಮಗುವನ್ನು ಬಿಗಿಯಾಗಿ ತಬ್ಬಿಕೊಂಡಳು. ಮಿತ್ರರು ಮಾತಿಲ್ಲದೆ ವೇಗ ತಗ್ಗಿಸಿ ಎರಡನೆಯ ಗೇರಿಗೆ ಬಂದರು.