ಬಿಸಿಲೂರಿನಲ್ಲಿ ಬಿಸಿ ಯೋಗ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಿಪ್ಪಾಣಿಯಿಂದ ಫೋನು ಬಂತು. ನಮ್ಮ ನೆಗೆಣ್ಣಿಯ ಸೊಸೆ. "ಸಣ್ಣತ್ತಿ, ಅತ್ತಿಯವ್ರು ಮ್ಯಾಲಿನ ಖೋಲ್ಯಾಗ ಕಣ್ಣಿಗೆ ಕತ್ತಲಿ ಬಂದು ಬಿದ್ದಾರ್ರೀ. ಈಗ ಕಣ್ಣ ತಗದಾರ, ಆದ್ರ ಎದ್ದು ಕುಂದ್ರಾಕ ಆಗವಲ್ದು. ಜಲ್ದಿ ಬರ್ರಿ" ಅಂದಳು.

ಚಿಕ್ಕೋಡಿಯಲ್ಲಿ ಸಿಕ್ಕ ಬಸ್ಸು ಹತ್ತಿ ನಾನು ಹೋಗಿ ಮುಟ್ಟುವಷ್ಟರಲ್ಲಿ ಅವರನ್ನು ದವಾಖಾನೆಗೆ ಒಯ್ದು ಸಲೈನ್ ಹಚ್ಚಿದ್ದರು. ನನ್ನನ್ನು ನೋಡಿದ ಕೂಡಲೇ ಅಕ್ಕ ಹೇಳಿದ ಮೊದಲ ಮಾತು, "ಪುಣೆದಾಕಿಗೆ ಬೈಬ್ಯಾಡವಾ, ತಪ್ಪು ನಂದೈತಿ."

ಪುಣೆಯಾಕೆ ಅಂದರೆ ಅವರ ಮಗಳು. ಕಂಪ್ಯೂಟರ್ ಮುಂದಿನ ಕೆಲಸ, ದಿನವಿಡೀ ಕುರ್ಚಿ, 30 ತುಂಬುವಷ್ಟರಲ್ಲೇ ಸೊಂಟ ನೋವು. ಅಲ್ಲೊಂದು ಕಡೆ ಬಿಸಿ ಮಾಡಿದ ಕೋಣೆಯಲ್ಲಿ ಯೋಗ ಹೇಳಿಕೊಡುತ್ತಾರೆಂದು ಸೇರಿದ್ದಳು. ಎರಡು ತಿಂಗಳಲ್ಲಿ ಸೊಂಟ ಹಗುರಾಯಿತು, ನಿದ್ದೆ ಚೆನ್ನಾಗಿ ಬರತೈತಿ ಅಂತ ವಿಡಿಯೋ ಕಾಲ್‌ನಲ್ಲಿ ಅವ್ವನಿಗೆ ಹೇಳಿದ್ದಳು. ಸುಳ್ಳೇನಲ್ಲ, ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು.

ಅಕ್ಕನಿಗೂ ಒಂದು ನೋವಿತ್ತು. 25 ವರ್ಷ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಿದ ಜೀವ. ಹಿಂದಿನ ದೀಪಾವಳಿಯಿಂದ ಬಲಗಡೆ ಹೆಗಲು ಬಿಗಿದುಕೊಂಡಿತ್ತು. ಮಿರಜದ ಡಾಕ್ಟರು 'ಫ್ರೋಜನ್ ಶೋಲ್ಡರ್' ಅಂದಿದ್ದರು. ಸಕ್ಕರೆ ಕಾಯಿಲೆ ಇರುವವರಿಗೆ ಇದು ಹೆಚ್ಚು. ಅಕ್ಕನಿಗೆ ಸಕ್ಕರೆಯೂ ಇದೆ, ಬಿಪಿಯೂ ಇದೆ. ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಎಂಟು ದಿನ ಮಾಡಿ, ನೋಯತೈತಿ ಅಂತ ಬಿಟ್ಟಿದ್ದರು. ಕೈ ತಲೆಯ ಹಿಂದೆ ಹೋಗುತ್ತಿರಲಿಲ್ಲ. ಸೊಸೆ ದಿನಾ ತಲೆ ಬಾಚಿ ತುರುಬು ಕಟ್ಟುತ್ತಿದ್ದಳು. "ನನ್ನ ತುರುಬು ನನಗ ಕಟ್ಟಾಕ ಬರಂಗಿಲ್ಲ ಅಂದ್ರ, ಇನ್ನೇನ ಉಳೀತವಾ?" ಅಂತ ಒಮ್ಮೆ ನನ್ನೆದುರು ಕಣ್ಣೀರು ತೆಗೆದಿದ್ದರು.

ಮಗಳ ಮಾತು ಕೇಳಿ ಅವರು ತಮ್ಮದೇ ಲೆಕ್ಕ ಹಾಕಿದರು. "ಪುಣೆದಾಗ ರೊಕ್ಕ ಕೊಟ್ಟು ಖೋಲಿ ಕಾಸ್ತಾರ. ನಮ್ಮ ತಗಡಿನ ಖೋಲಿ ಪುಕ್ಕಟೆ ಕಾದಿರತೈತಿ!" ಮಧ್ಯಾಹ್ನ ಎರಡಕ್ಕೆ ಮೇಲೆ ಹೋಗಿ, ಕಿಡಕಿ ಬಾಗಿಲು ಹಾಕಿಕೊಂಡು ಮೊಬೈಲ್ ನೋಡುತ್ತ ಆಸನ. ಬೆವರು ಇಳಿಯಬೇಕಂದ್ರ ನೀರು ಕುಡೀಬಾರದು ಅನ್ನೋ ನೇಮ ಬೇರೆ. ನಾಲ್ಕನೇ ದಿನಕ್ಕೆ ಬಿದ್ದರು.

ದವಾಖಾನೆಯಲ್ಲಿ ಕುಂತಾಗ, ಈ ಬಿಸಿ ಯೋಗ ಅಂದರೆ ನಿಜಕ್ಕೂ ಏನು ಅಂತ ತಿಳಿದುಕೊಳ್ಳಬೇಕು ಅನ್ನಿಸಿತು. ಆಮೇಲೆ ಓದಿದ್ದನ್ನು, ಡಾಕ್ಟರನ್ನು ಕೇಳಿದ್ದನ್ನು ನಿಮಗೂ ಹೇಳುತ್ತೇನೆ.

ಇದನ್ನು ಜಗತ್ತಿಗೆ ಹಬ್ಬಿಸಿದವರು ಕೋಲ್ಕತ್ತಾದಿಂದ ಅಮೆರಿಕಕ್ಕೆ ಹೋದ ಬಿಕ್ರಂ ಚೌಧರಿ. 26 ಆಸನ, ಎರಡು ಉಸಿರಾಟದ ಅಭ್ಯಾಸ, ಒಟ್ಟು 90 ನಿಮಿಷ. ಕೋಣೆಯ ಬಿಸಿ ಸುಮಾರು 40 ಡಿಗ್ರಿ ಸೆಲ್ಸಿಯಸ್, ಗಾಳಿಯಲ್ಲಿ ತೇವ ಶೇಕಡಾ 40. ಈ ಕ್ರಮ ನನ್ನ ಸ್ವತ್ತು ಅಂತ ಅವರು ವಾದಿಸಿದರೂ, ಆಸನಗಳ ಕ್ರಮಕ್ಕೆ ಕೃತಿಸ್ವಾಮ್ಯ ಇಲ್ಲ ಎಂದು 2015ರಲ್ಲಿ ಅಲ್ಲಿನ ಕೋರ್ಟು ಹೇಳಿತು. ಲೈಂಗಿಕ ದೌರ್ಜನ್ಯದ ಆರೋಪ ಮಾಡಿ ಹಲವು ಮಹಿಳೆಯರು ಅವರ ಮೇಲೆ ದಾವೆ ಹಾಕಿದ ಮೇಲೆ ಅನೇಕ ಕಡೆ ಅವರ ಹೆಸರು ಬಿಟ್ಟು ಬರೀ 'ಹಾಟ್ ಯೋಗ' ಅನ್ನತೊಡಗಿದರು.

ಹಾಗಾದರೆ ಬಿಸಿಯಿಂದ ಲಾಭ ಇಲ್ಲವೇ? ಇದೆ. ಅದನ್ನು ನಮಗೆ ಅಮೆರಿಕದವರು ಹೇಳಬೇಕಾಗಿಲ್ಲ. ನನ್ನ ತವರು ಕಾಗವಾಡ. ಬಾಣಂತಿಯ ಹೊರಸಿನ ಕೆಳಗೆ ಕುಳ್ಳಿನ ಕೆಂಡ ಇಡುವುದು, ಉಸುಕಿನ ಗಂಟು ಕಾಸಿ ಸೊಂಟಕ್ಕೆ ಒತ್ತುವುದು, ಇವನ್ನೆಲ್ಲ ನೋಡಿಯೇ ಬೆಳೆದೆ. ಕಾವು ತಾಗಿದರೆ ಆ ಜಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ, ಬಿಗಿದ ಸ್ನಾಯು ಸಡಿಲಾಗುತ್ತದೆ, ನೋವು ಸ್ವಲ್ಪ ಹೊತ್ತು ಮರೆಯುತ್ತದೆ. ಮನಸ್ಸಿಗೂ ಹಿತ. ಅಮೆರಿಕದ ಬಾಸ್ಟನ್‌ನಲ್ಲಿ ಖಿನ್ನತೆ ಇದ್ದವರಿಗೆ ಎಂಟು ವಾರ ಬಿಸಿ ಯೋಗ ಮಾಡಿಸಿ ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಗಿದೆ. ಯೋಗ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಲಕ್ಷಣಗಳು ಅರ್ಧದಷ್ಟಾದರೂ ಇಳಿದಿದ್ದವು. ಆದರೆ ಅಲ್ಲಿ ಹೋಲಿಸಿ ನೋಡಿದ್ದು ಯೋಗಕ್ಕಾಗಿ ಸರದಿಯಲ್ಲಿ ಕಾಯುತ್ತಿದ್ದವರ ಜೊತೆ, ತಣ್ಣಗಿನ ಕೋಣೆಯಲ್ಲಿ ಯೋಗ ಮಾಡಿದವರ ಜೊತೆ ಅಲ್ಲ.

ಆ ಹೋಲಿಕೆಯನ್ನೂ ಒಂದು ಕಡೆ ಮಾಡಿದ್ದಾರೆ. ಟೆಕ್ಸಾಸ್‌ನ ಸಂಶೋಧಕರು ಅದೇ 26 ಆಸನಗಳನ್ನು ಒಂದು ಗುಂಪಿಗೆ 40 ಡಿಗ್ರಿಯ ಕೋಣೆಯಲ್ಲಿ, ಇನ್ನೊಂದು ಗುಂಪಿಗೆ 23 ಡಿಗ್ರಿಯ ಸಾಧಾರಣ ಕೋಣೆಯಲ್ಲಿ 12 ವಾರ ಮಾಡಿಸಿದರು. 2018ರಲ್ಲಿ ಬಂದ ಫಲಿತಾಂಶ ಹೇಳುವುದೇನೆಂದರೆ, ರಕ್ತನಾಳಗಳು ಹಿಗ್ಗುವ ಶಕ್ತಿ ಎರಡೂ ಗುಂಪಿನಲ್ಲಿ ಸುಧಾರಿಸಿತ್ತು. ಅಂದರೆ ಆ ಲಾಭ ಆಸನದ್ದು. ಕೋಣೆ ಕಾಸದಿದ್ದರೂ ಅದು ಸಿಗುತ್ತದೆ.

ಇನ್ನು ಬೆವರಿನ ಮಾತು. ಬೆವರಿದರೆ ಮೈಯೊಳಗಿನ ವಿಷವೆಲ್ಲ ಹೊರಗೆ ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಬೆವರಿನ ಮುಖ್ಯ ಕೆಲಸ ಮೈ ತಣ್ಣಗೆ ಮಾಡುವುದು. ಕಲ್ಮಶ ತೆಗೆಯುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ಬೆವರಿನಲ್ಲಿ ಹೋಗುವುದು ನೀರು ಮತ್ತು ಉಪ್ಪು.

ಅಕ್ಕನಿಗೆ ಆಗಿದ್ದೂ ಅದೇ. ಅವರ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚು ಹೋಗುವ ಔಷಧ ಇತ್ತು. ಅದರ ಮೇಲೆ ಬೆವರು, ಕುಡಿಯದೇ ಬಿಟ್ಟ ನೀರು. ಬಿಸಿಗೆ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ, ಬಗ್ಗಿ ಎದ್ದಾಗ ಇನ್ನೂ ಇಳಿಯುತ್ತದೆ. ಕಣ್ಣಿಗೆ ಕತ್ತಲೆ ಬಾರದೆ ಇನ್ನೇನು? ಮಗಳು ಹೋಗುವ ಕೋಣೆಯಲ್ಲಿ ಕಲಿಸುವವರಿದ್ದಾರೆ, ಕೈಗೆ ನೀರಿನ ಬಾಟಲಿ ಇದೆ, ಸಾಕಾದರೆ ಬಾಗಿಲು ತೆಗೆದು ಹೊರಗೆ ಬರಬಹುದು. ಮೇಲಾಗಿ ವಯಸ್ಸು 30. ತಗಡಿನ ಖೋಲಿಯ ಉಷ್ಣ ಎಷ್ಟಿತ್ತೆಂದು ಅಳೆದವರು ಯಾರು?

ಹಾಗಂತ ಅಕ್ಕನ ಹೆಗಲನ್ನು ಹಾಗೇ ಬಿಡುವುದೇ? ಆಗ ನೆನಪಾದವರು ಬಿ.ಕೆ.ಎಸ್. ಅಯ್ಯಂಗಾರ್. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, ಇನ್‌ಫ್ಲುಯೆಂಜಾ ಊರೂರು ಸುಡುತ್ತಿದ್ದ ಕಾಲದಲ್ಲಿ ಹುಟ್ಟಿದ ಕೂಸು. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಬಂದು ಕಡ್ಡಿಯಾಗಿದ್ದ ಹುಡುಗ ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತು ಮೈ ಕಟ್ಟಿಕೊಂಡ. ಅವರಿಗೂ ನಮ್ಮ ಜಿಲ್ಲೆಗೂ ನಂಟಿದೆ. 1936ರಲ್ಲಿ ಗುರುಗಳ ಜೊತೆ ಉತ್ತರ ಕರ್ನಾಟಕದ ಪ್ರವಾಸಕ್ಕೆ ಬಂದಾಗ ಧಾರವಾಡದಲ್ಲಿ ಹೆಣ್ಣುಮಕ್ಕಳಿಗೆ ಕಲಿಸಲು ಎಲ್ಲರಿಗಿಂತ ಸಣ್ಣವನಾದ ಈ ಹುಡುಗನನ್ನೇ ಆರಿಸಿದರು. ಬೆಳಗಾವಿಯಲ್ಲಿ ಅವರ ಆಸನ ನೋಡಿ ಮೆಚ್ಚಿದವರು ಅಲ್ಲಿನ ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆ. ಅವರ ಪ್ರಯತ್ನದಿಂದಲೇ 1937ರಲ್ಲಿ ಅಯ್ಯಂಗಾರ್ ಕಲಿಸಲು ಪುಣೆಗೆ ಹೋದರು, ಅಲ್ಲೇ ಉಳಿದು ಲೋಕಕ್ಕೆ ಗುರುವಾದರು.

ಅವರು ಮೈ ಬಗ್ಗದವರಿಗೆ ಹಗ್ಗ, ಕುರ್ಚಿ, ಕಟ್ಟಿಗೆಯ ತುಂಡು, ದಿಂಬು ಕೊಟ್ಟರು. ಕೈ ನೆಲಕ್ಕೆ ಮುಟ್ಟದಿದ್ದರೆ ನೆಲವನ್ನೇ ಕೈಗೆ ತಂದರು ಅನ್ನಿ. ರೋಗಿಯೂ ಮಾಡಬಹುದಾದ ಯೋಗ ಅದು.

ಮಳೆ ಶುರುವಾದ ಮೇಲೆ, ಡಾಕ್ಟರ ಒಪ್ಪಿಗೆ ಪಡೆದು ಅಕ್ಕ ಮತ್ತೆ ಸುರುಮಾಡಿದರು. ಈ ಸಲ ಬೆಳಗ್ಗೆ, ಕೆಳಗಿನ ಪಡಸಾಲೆಯಲ್ಲಿ, ಕಿಡಕಿ ತೆರೆದು. ಮೊದಲು ಹೆಗಲಿಗೆ ಹತ್ತು ನಿಮಿಷ ಬಿಸಿನೀರಿನ ಚೀಲದ ಕಾವು. ಚೀಲಕ್ಕೆ ಟಾವೆಲ್ ಸುತ್ತಿ, ಎಷ್ಟು ಬಿಸಿ ಇದೆ ಅಂತ ಸೊಸೆ ಕೈ ಮುಟ್ಟಿ ನೋಡುವಳು. ಸಕ್ಕರೆ ಇರುವವರಿಗೆ ಸುಟ್ಟಿದ್ದು ತಿಳಿಯದೇ ಹೋಗಬಹುದು. ಆಮೇಲೆ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲೆ ನಡೆಸುವುದು. ಎಷ್ಟು ಎತ್ತರ ಹೋಯಿತೋ ಅಲ್ಲಿ ಸೀಮೆಸುಣ್ಣದ ಗೀಟು. ನಂತರ ಕುರ್ಚಿಯ ಬೆನ್ನು ಹಿಡಿದು ಬಗ್ಗುವುದು, ನಿಧಾನ ಉಸಿರು. ಒಟ್ಟು ಅರ್ಧ ತಾಸು. ಮೊದಲ ಒಂದು ತಿಂಗಳು ಗೀಟು ಇದ್ದಲ್ಲೇ ಇತ್ತು. "ಗ್ವಾಡಿ ನನಗ ನಗತೈತಿ" ಅಂತಿದ್ದರು. ಪುಣೆಯಿಂದ ಮಗಳು ದಿನಾ ಗೀಟಿನ ಫೋಟೋ ಕೇಳುತ್ತಿದ್ದಳು. ಅದಕ್ಕಾದರೂ ಬಿಡಲಿಲ್ಲ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಇಂಥ ಹೆಗಲು ಒಂದೆರಡು ವರ್ಷದಲ್ಲಿ ಬಹಳ ಜನರಿಗೆ ತಾನಾಗಿಯೇ ಸಡಿಲಾಗುತ್ತದೆ. ಅಕ್ಕನದು ಯೋಗದಿಂದಲೇ ಸರಿಯಾಯಿತು ಅಂತ ನಾನು ಗಂಟೆ ಬಾರಿಸಲಾರೆ. ಆದರೆ ಸಕ್ಕರೆ ಹತೋಟಿಗೆ ಬಂತು, ರಾತ್ರಿ ಆ ಮಗ್ಗುಲಿಗೆ ಮಲಗಲು ಬಂತು, ಮುಖದಲ್ಲಿ ಕಳೆ ಬಂತು. ಇಷ್ಟು ನಾನು ಕಣ್ಣಾರೆ ಕಂಡಿದ್ದು.

ನಮ್ಮ ಕಡೆಯ ಹೆಣ್ಣುಮಕ್ಕಳನ್ನು ನೋಡಿ. ರಾಯಬಾಗದ ಕಬ್ಬಿನ ಹೊಲದಲ್ಲಿ ಬಗ್ಗಿ ಕಸ ತೆಗೆಯುವವರು, ಅಥಣಿಯಲ್ಲಿ ನೆಲಕ್ಕೆ ಕುಂತು ಚಪ್ಪಲಿಗೆ ಹೆಣಿಗೆ ಹಾಕುವವರು, ನಿಪ್ಪಾಣಿಯ ಬೀಡಿಯವರು. ಇವರಿಗೆ ಬಿಸಿಲು, ಬೆವರು ಕಡಿಮೆ ಆಗಿದ್ದು ಯಾವಾಗ? ಕಡಿಮೆ ಇರುವುದು ಬೆನ್ನು ನೆಟ್ಟಗೆ ಮಾಡಿ, ಯಾರೂ ಕರೆಯದ ಅರ್ಧ ತಾಸು.

ಪಟ್ಟಣದಲ್ಲಿರುವವರು, ಆರೋಗ್ಯ ಗಟ್ಟಿ ಇದ್ದವರು ಬಿಸಿ ಯೋಗ ಮಾಡುವುದಾದರೆ ಮಾಡಿ. ಬಲ್ಲವರ ಎದುರೇ ಮಾಡಿ, ಮೊದಲ ವಾರ ಅರ್ಧ ಹೊತ್ತು ಸಾಕು, ನೀರು ಬಿಡಬೇಡಿ. ಬಿಸಿಗೆ ಮೈ ಬೇಗ ಬಗ್ಗುತ್ತದೆ, ನೋವು ತಡವಾಗಿ ತಿಳಿಯುತ್ತದೆ, ಆದ್ದರಿಂದ ಹುರುಪಿನಲ್ಲಿ ಎಳೆದುಕೊಳ್ಳಬೇಡಿ. ತಲೆ ಸುತ್ತಿದರೆ, ವಾಕರಿಕೆ ಬಂದರೆ ಹೊರಗೆ ಬನ್ನಿ. ಬಸುರಿಯರು ಇದರ ಗೊಡವೆಗೆ ಹೋಗುವುದು ಬೇಡ. ಹೃದಯ, ಬಿಪಿ, ಸಕ್ಕರೆ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮಾಡಬೇಡಿ. ತಗಡಿನ ಖೋಲಿಯಂತೂ ಯಾರಿಗೂ ಬೇಡವೇ ಬೇಡ.

ಈ ದೀಪಾವಳಿಗೆ ನಿಪ್ಪಾಣಿಗೆ ಹೋಗಿದ್ದೆ. ಅಕ್ಕ ಎಣ್ಣೆ ನೀರು ಹಾಕಿಕೊಂಡು ಬಂದು ಕನ್ನಡಿ ಮುಂದೆ ನಿಂತರು. ಸೊಸೆ ಬಾಚಣಿಕೆ ಹಿಡಿದು ಬಂದಳು. "ತಡಿಯವಾ" ಅಂದವರೇ ಎರಡೂ ಕೈ ಹಿಂದೆ ಒಯ್ದು, ಹಲ್ಲು ಕಚ್ಚಿ, ಮೂರು ಸಲ ಬಿಚ್ಚಿ, ನಾಲ್ಕನೇ ಸಲಕ್ಕೆ ತುರುಬು ಕಟ್ಟಿದರು. ಸ್ವಲ್ಪ ಒಂದು ಕಡೆ ವಾಲಿತ್ತು. ಸೊಸೆ ಸರಿಮಾಡಲು ಹೋದಳು, ಮುಟ್ಟಗೊಡಲಿಲ್ಲ.